ನಿಷ್ಠಾವಂತ ಪಾಲುದಾರರ ಪಾಲನೆ ಮತ್ತು ಪೋಷಣೆ

ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಿ ಎಂದು ನಮ್ಮ ಕ್ಷೇತ್ರದ ವಿದ್ವಾಂಸರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. 1989ರಲ್ಲಿ ವಿಲಿಯಂ ಟೋಬಿನ್ ಎಂಬಾತ ಪ್ರಾಡಿಜಿ ಜಾಲದಲ್ಲಿ ಹೂವು ಮಾರಲು ಕೂತು, ತನಗೆ ಗಿರಾಕಿ ಒದಗಿಸಿದವರಿಗೆ ಮಾರಾಟದಲ್ಲಿ ಪಾಲು ಕೊಟ್ಟನಂತೆ. 1994ರಲ್ಲಿ ಸಿಡಿನೌ ಎಂಬ ಸಂಗೀತದ ಅಂಗಡಿ ಅದೇ ದಾರಿ ಹಿಡಿಯಿತು. 1996ರ ಜುಲೈಯಲ್ಲಿ ಅಮೆಜಾನ್ ಕಂಪನಿ ತನ್ನ ಅಸೋಸಿಯೇಟ್ಸ್ ಯೋಜನೆ ಶುರುಮಾಡಿತು, 2000ದ ಫೆಬ್ರುವರಿಯಲ್ಲಿ ಅದಕ್ಕೊಂದು ಪೇಟೆಂಟನ್ನೂ ಪಡೆಯಿತು. ಆ ಪೇಟೆಂಟಿಗೆ ಸಹಿ ಹಾಕಿದ ಅಧಿಕಾರಿ ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಮೈಸೂರು ಅರಮನೆಯ ವರಾಹ ದ್ವಾರದ ಎದುರು ಬ್ಯಾಗು ಹಿಡಿದು ಹೊಸಬನ ಹಾಗೆ ನಿಂತಿದ್ದರೆ, ಅರ್ಜಿಯನ್ನು ಅಲ್ಲಿಯೇ ಹರಿದು ಹಾಕುತ್ತಿದ್ದ. ಹಾಕಿ, ಸಂಜೆಯೊಳಗೆ ಒಂದು ಬೀಟೆ ಮರದ ಆನೆಯನ್ನೂ ಕೊಂಡಿರುತ್ತಿದ್ದ.

ನಾನು ಈ ವಿಷಯದಲ್ಲಿ ಉದ್ಯಮಿಗಳಿಗೆ ಸಲಹೆ ಕೊಡುವವನು. ನನ್ನ ಶಿಬಿರಗಳಿಗೆ ಬರುವವರು ಕೇಳುವುದು ಒಂದೇ ಪ್ರಶ್ನೆ: ‘ಪಾರ್ಟ್‌ನರ್‌ಗಳು ಬರ್ತಾರೆ ಸಾರ್, ನಿಲ್ಲೋದಿಲ್ಲ. ನಿಲ್ಲಿಸಿಕೊಳ್ಳೋದು ಹೇಗೆ?’ ಉತ್ತರ ಕೊಡುವ ಮುಂಚೆ ವ್ಯಾಖ್ಯೆಯನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಅಫಿಲಿಯೇಟ್ ಎಂದರೆ ನಿಮ್ಮ ಅಂಗಡಿಗೆ ಗಿರಾಕಿ ಕರೆತರುವ, ಆದರೆ ನಿಮ್ಮ ನೌಕರನಲ್ಲದ ಮನುಷ್ಯ. ಅವನಿಗೆ ಸಂಬಳವಿಲ್ಲ, ಪಿಎಫ್ ಇಲ್ಲ, ಜ್ವರ ಬಂದರೆ ರಜೆಯಿಲ್ಲ, ಆಯುಧಪೂಜೆಗೆ ಸ್ವೀಟ್ ಬಾಕ್ಸೂ ಇಲ್ಲ. ಮಾರಾಟವಾದರೆ ಪಾಲು, ಆಗದಿದ್ದರೆ ನಮಸ್ಕಾರ. ಇಷ್ಟನ್ನೆಲ್ಲ ಕೊಡದೆ ಅವನಿಂದ ನಿಷ್ಠೆಯನ್ನು ಮಾತ್ರ ಪೂರ್ತಿಯಾಗಿ ವಸೂಲು ಮಾಡುವುದೇ ನಮ್ಮ ಶಾಸ್ತ್ರ. ಅವನನ್ನು ತಪ್ಪದೆ ‘ಪಾಲುದಾರ’ ಎಂದು ಕರೆಯಬೇಕು. ಯಾವುದರಲ್ಲಿ ಪಾಲು ಎಂದು ಕೇಳಿದರೆ ಒಪ್ಪಂದದ ಪ್ರತಿ ಕಳಿಸಬೇಕು. ಅದನ್ನು ಇಂದಿನವರೆಗೂ ಕೊನೆಯ ಪುಟದವರೆಗೆ ಓದಿದವರಿಲ್ಲ. ನಾನೂ ಓದಿಲ್ಲ, ಬರೆದಿದ್ದೇನೆ ಅಷ್ಟೆ.

ಈಗ ಮೈಸೂರಿಗೆ ಬರೋಣ. ಪ್ರವಾಸಿ ಬಸ್ಸಿಳಿಯುತ್ತಾನೆ. ಆಟೋದವರು ಊರು ಸುತ್ತಿಸಲು ಹೇಳುವ ದರ ಗಾಡಿಯ ಗ್ಯಾಸಿಗೂ ಸಾಲದಷ್ಟು ಕಡಿಮೆ. ಪ್ರವಾಸಿ ಅದನ್ನೂ ಚೌಕಾಸಿ ಮಾಡಿ ಇನ್ನಷ್ಟು ಇಳಿಸುತ್ತಾನೆ, ಗೆದ್ದೆ ಎಂದು ಹೆಂಡತಿಯ ಕಡೆ ನೋಡುತ್ತಾನೆ. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದದ್ದು: ಗಿರಾಕಿ ಯಾವಾಗಲೂ ಗೆದ್ದ ಮನಸ್ಸಿನಲ್ಲಿಯೇ ನಮ್ಮ ವ್ಯವಸ್ಥೆಯೊಳಗೆ ಬರಬೇಕು. ಮುಂದಿನ ತಿರುವಿನಲ್ಲಿ ಚಾಲಕ ಗಂಭೀರವಾಗಿ, ‘ಅರಮನೆ ಈಗ ಕ್ಲೋಸ್ ಸಾರ್, ಊಟದ ಟೈಮು’ ಎನ್ನುತ್ತಾನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ತೆರೆದೇ ಇರುವ ಅರಮನೆ, ಎಂಪೋರಿಯಂ ದಿಕ್ಕಿಗೆ ಮುಖ ಮಾಡಿದ ಆಟೋದಲ್ಲಿ ಕೂತವರಿಗೆ ಮಾತ್ರ ಆಗಾಗ ಮುಚ್ಚಿಕೊಳ್ಳುತ್ತದೆ. ‘ಅಲ್ಲೀವರ್ಗೂ ಒಂದು ಅಂಗಡಿ ತೋರಿಸ್ತೀನಿ. ತಗೋಬೇಡಿ ಸಾರ್, ಸುಮ್ನೆ ನೋಡ್ಕೊಂಡು ಬನ್ನಿ.’

ಈ ‘ತಗೋಬೇಡಿ’ ಎಂಬ ಮಾತಿನ ಮೇಲೆ ನಾನು ಒಂದು ಇಡೀ ಅಧಿವೇಶನ ನಡೆಸುತ್ತೇನೆ. ಪಾಶ್ಚಾತ್ಯರು ‘ಈಗಲೇ ಕೊಳ್ಳಿ’ ಎಂದು ಕೆಂಪು ಗುಂಡಿ ಇಟ್ಟು, ಅದರ ಬಣ್ಣ ಕೆಂಪೋ ಕಿತ್ತಳೆಯೋ ಎಂಬುದನ್ನು ಪರೀಕ್ಷಿಸುತ್ತ ಕೂತಿದ್ದಾಗ, ನಮ್ಮವರು ಕೊಳ್ಳಬೇಡಿ ಎಂದೇ ಮಾರಿದರು. ಕೊಂಡರೆ ಕೊಂಡದ್ದರಲ್ಲಿ ಪಾಲು. ಕೊಳ್ಳದಿದ್ದರೂ ಬಾಗಿಲವರೆಗೆ ತಂದದ್ದಕ್ಕೆ ಇಷ್ಟು ಎಂದು ಕೊಡುವ ಮಳಿಗೆಗಳೂ ಉಂಟು. ಮೊದಲನೆಯದನ್ನು ನಮ್ಮ ಕ್ಷೇತ್ರದಲ್ಲಿ ಮಾರಾಟಕ್ಕಿಷ್ಟು ಎನ್ನುತ್ತೇವೆ, ಎರಡನೆಯದನ್ನು ಕ್ಲಿಕ್ಕಿಗಿಷ್ಟು ಎನ್ನುತ್ತೇವೆ. ಎರಡಕ್ಕೂ ದುಡ್ಡು ಬರುವುದು ಆನೆಯ ಬೆಲೆಯಿಂದಲೇ. ಆನೆಯ ಬೆಲೆ ಎಷ್ಟು ಎಂಬುದು ಆನೆಗೂ ಗೊತ್ತಿರುವುದಿಲ್ಲ. ಯಾರು ಕರೆತಂದರು ಎಂದು ತಿಳಿದ ಮೇಲೆ ನಿಗದಿಯಾಗುತ್ತದೆ.

ಹಾಗಾದರೆ ಕರೆತಂದವರು ಯಾರು? ಅಫಿಲಿಯೇಟ್ ವಿದ್ಯೆಯ ಅತಿ ಕಠಿಣ ಅಧ್ಯಾಯ ಇದು. ಲಾಡ್ಜಿನ ರಿಸೆಪ್ಷನ್ ಹುಡುಗ ಅಂಗಡಿಯ ಹೆಸರು ಹೇಳಿದ. ಆಟೋದವನು ಕರೆತಂದ. ಅರಮನೆಯ ಬಳಿ ಜೊತೆಯಾದ ಗೈಡು ದಾರಿಯುದ್ದಕ್ಕೂ ಗಂಧದೆಣ್ಣೆಯ ಮಹಿಮೆ ವರ್ಣಿಸಿದ. ಅಂಗಡಿಯ ಮುಂದೆ ನಿಂತಿದ್ದ ಇನ್ನೊಬ್ಬ ಗಾಜಿನ ಬಾಗಿಲನ್ನು ಎಳೆದು ‘ವೆಲ್ಕಮ್’ ಎಂದ. ಕಮಿಷನ್ ಯಾರಿಗೆ? ಗಣಕಯಂತ್ರದ ಲೋಕ ಈ ಪ್ರಶ್ನೆಯನ್ನು ಬಹಳ ಕಾಲ ಚರ್ಚಿಸಿ, ಲಾಸ್ಟ್ ಕ್ಲಿಕ್ ಎಂಬ ಸಿದ್ಧಾಂತಕ್ಕೆ ಬಂದು ನಿಂತಿದೆ: ಕಟ್ಟಕಡೆಗೆ ಬಾಗಿಲು ಎಳೆದವನಿಗೇ ಎಲ್ಲ. ಒಂದು ಕ್ಯಾಮೆರಾದ ಬಗ್ಗೆ ರಾತ್ರಿಯೆಲ್ಲ ಎದ್ದು ವಿಮರ್ಶೆ ಬರೆದವನಿಗೆ ಸೊನ್ನೆ. ದುಡ್ಡು ಕಟ್ಟುವ ಗಳಿಗೆಯಲ್ಲಿ ಕೂಪನ್ ಹಿಡಿದು ಮುಂದೆ ಬಂದವನಿಗೆ ಪೂರ್ತಿ. ಮೈಸೂರಿನಲ್ಲಿ ಇದಕ್ಕಿಂತ ನಾಗರಿಕವಾದ ಪರಿಹಾರವಿದೆ. ನಾಲ್ವರೂ ಅಂಗಡಿಯ ಹಿಂಬದಿಯಲ್ಲಿ ನಿಂತು ಜಗಳವಾಡುತ್ತಾರೆ, ಮಾಲೀಕ ಎಲ್ಲರಿಗೂ ಟೀ ತರಿಸಿ, ನಾಲ್ಕು ಪಾಲನ್ನೂ ಬಿಲ್ಲಿಗೆ ಸೇರಿಸುತ್ತಾನೆ.

ನಿಷ್ಠಾವಂತ ಪಾಲುದಾರರಿಲ್ಲದೆ ವ್ಯಾಪಾರ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ಊರಿನಲ್ಲಿ ಒಂದು ದುರಂತ ನಿದರ್ಶನವಿದೆ. 1912ರಲ್ಲಿ ಶುರುವಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಆಟೋದವರಿಗೆ ಬಿಡಿಗಾಸು ಕೊಡುವುದಿಲ್ಲ, ಬೆಲೆ ಎಲ್ಲರಿಗೂ ಒಂದೇ, ಸೀರೆಯ ಮೇಲೆ ಹೊಲೊಗ್ರಾಂ ಬೇರೆ. ಪರಿಣಾಮ: ಅದನ್ನು ನಡೆಸುವ ಕೆಎಸ್‌ಐಸಿಯ ಮಳಿಗೆಗಳ ಮುಂದೆ ಬೆಳಗಿನ ಜಾವದಿಂದಲೇ ಹೆಂಗಸರು ಕ್ಯೂ ನಿಂತು, ಸೀರೆ ಸಿಗದೆ ವಾಪಸು ಹೋಗುವ ಪರಿಸ್ಥಿತಿ ಬಂದಿದೆ. ಅಫಿಲಿಯೇಟ್ ಯೋಜನೆಯೊಂದಿದ್ದರೆ ಇಷ್ಟು ಜನ ಬರುತ್ತಲೇ ಇರಲಿಲ್ಲ.

ಹೆದ್ದಾರಿಯ ಹೋಟೆಲುಗಳದು ಇನ್ನೂ ಸರಳವಾದ ಮಾದರಿ. ರಾತ್ರಿ ಬಸ್ಸು ಎಲ್ಲಿ ನಿಲ್ಲಬೇಕೆಂಬುದನ್ನು ಪ್ರಯಾಣಿಕರ ಹಸಿವು ನಿರ್ಧರಿಸುವುದಿಲ್ಲ. ಚಾಲಕ, ನಿರ್ವಾಹಕರಿಗೆ ಒಳಗೆ ಬೇರೆ ಕೋಣೆ, ಬಿಸಿ ಊಟ, ಬಿಲ್ಲಿಲ್ಲ. ಹೊರಗೆ ನಲವತ್ತು ಜನರಿಗೆ ತಣ್ಣನೆಯ ಇಡ್ಲಿ, ಬಿಲ್ಲಿದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ಚಾಲಕ ಮರುದಿನವೂ ಅಲ್ಲಿಯೇ ನಿಲ್ಲಿಸುತ್ತಾನೆ. ಇಲ್ಲಿರುವ ಸೂಕ್ಷ್ಮ ಏನೆಂದರೆ, ಪಾಲುದಾರನಿಗೆ ಕೊಡುವ ಸಾಂಬಾರು ಮತ್ತು ಗಿರಾಕಿಗೆ ಕೊಡುವ ಸಾಂಬಾರು ಒಂದೇ ಪಾತ್ರೆಯದಾಗಿರಬಾರದು. ಒಂದೇ ಆದರೆ ಅವನು ಊಟವನ್ನು ಹೊಗಳುವಾಗ ನಿಜ ಹೇಳುತ್ತಿದ್ದಾನೋ ಉಪಕಾರ ತೀರಿಸುತ್ತಿದ್ದಾನೋ ತಿಳಿಯದೆ ನಿಷ್ಠೆಯನ್ನು ಅಳೆಯುವುದು ಕಷ್ಟವಾಗುತ್ತದೆ.

ಸ್ಥಳೀಯ ಮಾದರಿಗಳಿಂದ ಈಗ ಜಾಗತಿಕ ಮಟ್ಟಕ್ಕೆ ಏರೋಣ. ಅಮೆಜಾನಿನ ಯೋಜನೆಯಲ್ಲಿ ನೀವು ಕೊಟ್ಟ ಕೊಂಡಿಯನ್ನು ಒತ್ತಿದವರು ಇಪ್ಪತ್ನಾಲ್ಕು ಗಂಟೆಯೊಳಗೆ ಕೊಂಡರೆ ನಿಮಗೆ ಪಾಲು. ಬುಟ್ಟಿಗೆ ಹಾಕಿಟ್ಟುಕೊಂಡು ಯೋಚಿಸುವವರಿಗೆ ತೊಂಬತ್ತು ದಿನ ರಿಯಾಯಿತಿ. ಇಪ್ಪತ್ತೈದನೇ ಗಂಟೆಗೆ ಬಂದು ಕೊಂಡರೆ ನಿಮಗೂ ಅವರಿಗೂ ಸಂಬಂಧವಿಲ್ಲ, ಅವರು ತಾವಾಗಿಯೇ ಬಂದವರು. ಮದುವೆಯ ಸೀರೆಗೆ ಆರು ಅಂಗಡಿ ಹತ್ತಿಳಿದು ಮತ್ತೆ ಮೊದಲನೆಯ ಅಂಗಡಿಗೇ ಬರುವ ನಮ್ಮ ಹೆಂಗಸರ ಸ್ವಭಾವ ಗೊತ್ತಿದ್ದೇ ಈ ಗಡುವನ್ನು ಇಟ್ಟಂತಿದೆ. ಗಳಿಸಿದ ಹಣ ಆ ತಿಂಗಳು ಮುಗಿದು ಸುಮಾರು ಅರವತ್ತು ದಿನಕ್ಕೆ ಕೈಸೇರುತ್ತದೆ, ಅದೂ ಒಂದು ಕನಿಷ್ಠ ಮೊತ್ತ ದಾಟಿದ್ದರೆ. ಇದನ್ನು ಜಿಪುಣತನ ಎನ್ನುವವರಿಗೆ ಶಾಸ್ತ್ರ ತಿಳಿಯದು. ಇನ್ನೊಬ್ಬರ ಬಳಿ ನಮ್ಮ ದುಡ್ಡು ಸಿಕ್ಕಿಕೊಂಡಿರುವಷ್ಟು ಕಾಲ ನಾವು ಅವರೊಡನೆ ಎಷ್ಟು ವಿನಯದಿಂದ ಇರುತ್ತೇವೆ ಎಂಬುದನ್ನು ನೀವೇ ನೆನೆಸಿಕೊಳ್ಳಿ. ಪೂರ್ತಿ ಬಾಕಿ ಚುಕ್ತಾ ಮಾಡುವುದೆಂದರೆ ಪಾಲುದಾರನಿಗೆ ಬಿಡುಗಡೆ ಪತ್ರ ಬರೆದುಕೊಟ್ಟಂತೆಯೇ.

ಅದೇ ಯೋಜನೆಯಲ್ಲಿ ಇನ್ನೊಂದು ನಿಯಮವಿದೆ: ನಿಮ್ಮ ಕೊಂಡಿಯಿಂದ ನೀವೇ ಕೊಳ್ಳುವಂತಿಲ್ಲ, ನಿಮ್ಮ ಬಂಧುಮಿತ್ರರಿಗೆ ಕೊಡಿಸಿದರೂ ಪಾಲಿಲ್ಲ. ಅಂದರೆ ನಿಮ್ಮನ್ನು ನಂಬುವವರನ್ನೆಲ್ಲ ಬಿಟ್ಟು ಉಳಿದವರಿಗೆ ಮಾರಬೇಕು. ಭಾರತೀಯ ಪರಿಸ್ಥಿತಿಗೆ ಈ ನಿಯಮ ಒಗ್ಗುವುದೇ ಇಲ್ಲ. ಇಲ್ಲಿ ಅಫಿಲಿಯೇಟ್ ಆದವನ ಮೊದಲ ಗಿರಾಕಿ ಬಾಮೈದ, ಎರಡನೆಯವನು ಷಡ್ಡಕ, ಮೂರನೆಯವರು ಹೈಸ್ಕೂಲಿನಲ್ಲಿ ಪಾಠ ಹೇಳಿದ ನಿವೃತ್ತ ಮೇಷ್ಟ್ರು. ಇದನ್ನು ಅರಿತಿದ್ದ ಸಂಸ್ಥೆ ಭಾರತೀಯ ಜೀವ ವಿಮಾ ನಿಗಮ. 1956ರ ಸೆಪ್ಟೆಂಬರ್ 1ರಂದು ಹುಟ್ಟಿದ ನಿಗಮಕ್ಕೆ ಇವತ್ತು ಹದಿಮೂರು ಲಕ್ಷಕ್ಕೂ ಹೆಚ್ಚು ಏಜೆಂಟರಿದ್ದಾರೆ. ಅಷ್ಟೂ ಜನರ ಷಡ್ಡಕರು ವಿಮೆಗೆ ಒಳಪಟ್ಟಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಿಗಮದ ಯೋಜನೆ ಏಕೆ ಬಾಳಿತು? ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು, ಆಮೇಲೆ ವರ್ಷ ವರ್ಷವೂ ಸಣ್ಣ ಪಾಲು. ಗಿರಾಕಿ ಕಂತು ಕಟ್ಟುವವರೆಗೆ ಏಜೆಂಟ್ ಅವನ ಆರೋಗ್ಯ ವಿಚಾರಿಸುತ್ತಾನೆ. ಹಬ್ಬಕ್ಕೆ ಕ್ಯಾಲೆಂಡರ್ ತಂದುಕೊಡುತ್ತಾನೆ. ಗಿರಾಕಿಗೆ ದೀರ್ಘಾಯುಷ್ಯವನ್ನು ಮನಸಾರೆ ಹಾರೈಸುವವರು ಅವನ ಮನೆಯವರನ್ನು ಬಿಟ್ಟರೆ ಏಜೆಂಟ್ ಒಬ್ಬನೇ, ಕೆಲವು ಮನೆಗಳಲ್ಲಿ ಅವನೊಬ್ಬನೇ. ಎಲ್ಲಕ್ಕಿಂತ ಮಿಗಿಲಾದದ್ದು ವಂಶಪಾರಂಪರ್ಯ ಕಮಿಷನ್: ನಿಯಮದಂತೆ ಸೇವೆ ಸಲ್ಲಿಸಿದ ಏಜೆಂಟ್ ತೀರಿಕೊಂಡರೂ ಹಳೆಯ ಪಾಲಿಸಿಗಳ ನವೀಕರಣದ ಪಾಲು ಅವನ ವಾರಸುದಾರರಿಗೆ ಹೋಗುತ್ತದೆ. ಸಿಲಿಕಾನ್ ವ್ಯಾಲಿಯವರು ಪಾಲುದಾರರನ್ನು ವರ್ಷವಿಡೀ ಉಳಿಸಿಕೊಳ್ಳಲಾಗದೆ ಪರದಾಡುತ್ತಿರುವಾಗ, ನಮ್ಮವರು ಸತ್ತವರನ್ನೂ ಯೋಜನೆಯಿಂದ ಹೊರಹೋಗಲು ಬಿಟ್ಟಿಲ್ಲ.

ಒಂದೇ ತೊಡಕು, 1938ರ ವಿಮಾ ಕಾಯ್ದೆಯ 41ನೇ ಕಲಂ. ಏಜೆಂಟ್ ತನ್ನ ಕಮಿಷನ್ನಿನಲ್ಲಿ ಗಿರಾಕಿಗೆ ಪಾಲು ಕೊಟ್ಟು ಪಾಲಿಸಿ ಮಾಡಿಸುವಂತಿಲ್ಲ, ಗಿರಾಕಿ ತೆಗೆದುಕೊಳ್ಳುವಂತೆಯೂ ಇಲ್ಲ. ದಂಡ ಹತ್ತು ಲಕ್ಷ ರೂಪಾಯಿವರೆಗೆ. ‘ಮೊದಲ್ನೇ ಕಂತು ನಾನೇ ಕಟ್ತೀನಿ ಬಿಡಿ ಮೇಷ್ಟ್ರೆ’ ಎಂಬ ಮಾತು ಈ ಕಲಮಿನ ಅರಿವಿಲ್ಲದೆ ಆಡಿದ್ದು ಎಂದು ನಾನು ಭಾವಿಸುತ್ತೇನೆ. ಪಾಲಿಸಿ ಅರ್ಜಿಯಲ್ಲಿಯೇ ಆ ಕಲಂ ಮುದ್ರಿತವಾಗಿರುತ್ತದೆ. ಕಟ್ಟುವವರೂ ಕಟ್ಟಿಸಿಕೊಳ್ಳುವವರೂ ಅದರ ಮೇಲೆಯೇ ಟೀ ಲೋಟ ಇಟ್ಟು ಮಾತಾಡಿರುತ್ತಾರೆ.

ದರದ ವಿಚಾರ ಬೇಗ ಮುಗಿಸುತ್ತೇನೆ. ಕಮಿಷನ್ ದರವನ್ನು ಶುರುವಿನಲ್ಲಿ ಹೆಚ್ಚಿಡಿ, ಪಾಲುದಾರರು ಕೆಲಸ ಬಿಟ್ಟು ಇದನ್ನೇ ನೆಚ್ಚಿಕೊಳ್ಳಲಿ, ಆಮೇಲೆ ಇಳಿಸಿ. ಅಮೆಜಾನ್ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಪಾಲುದಾರರಿಗೆ ಪೀಠೋಪಕರಣಗಳ ಮೇಲಿನ ಪಾಲನ್ನು ಶೇಕಡಾ 8ರಿಂದ 3ಕ್ಕೆ, ದಿನಸಿಯ ಮೇಲಿನದನ್ನು ಶೇಕಡಾ 5ರಿಂದ 1ಕ್ಕೆ ಇಳಿಸಿತು. ಮುನ್ಸೂಚನೆ ಕೊಟ್ಟಿದ್ದು ಒಂದು ವಾರ. ಇಡೀ ಲೋಕ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತು ಕುರ್ಚಿ, ಬೇಳೆ ಎಲ್ಲವನ್ನೂ ಫೋನಿನಲ್ಲೇ ತರಿಸಿಕೊಳ್ಳುತ್ತಿದ್ದ ಕಾಲ ಅದು. ಸಮಯಪ್ರಜ್ಞೆ ಎಂದರೆ ಹೀಗಿರಬೇಕು. ಗಿರಾಕಿಗಳು ತಾವಾಗಿಯೇ ನುಗ್ಗುತ್ತಿರುವಾಗ ಕರೆತರುವವನ ಬೆಲೆ ಇಳಿಯುತ್ತದೆ, ಇದು ಅರ್ಥಶಾಸ್ತ್ರ. ಅವನು ಬಿಟ್ಟುಹೋಗುವುದಿಲ್ಲ, ಏಕೆಂದರೆ ಹಿಂದಿನ ಅರವತ್ತು ದಿನದ ದುಡ್ಡು ಇನ್ನೂ ಬಂದಿರುವುದಿಲ್ಲ; ಇದು ನಮ್ಮ ಶಾಸ್ತ್ರ. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಮೀಶೋ ಕೂಡ ಮೊದಲು ಬೆಳೆದದ್ದು ಮನೆಯಲ್ಲಿ ಕೂತ ಗೃಹಿಣಿಯರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸೀರೆಯ ಚಿತ್ರ ಹಾಕಿ, ತಮ್ಮದೊಂದು ಲಾಭ ಸೇರಿಸಿ ಮಾರಿದ್ದರಿಂದ. ದಾರಿ ಗೊತ್ತಾದ ಮೇಲೆ ಗಿರಾಕಿಗಳು ಆ್ಯಪನ್ನು ನೇರವಾಗಿ ಇಳಿಸಿಕೊಂಡರು, ಕಂಪನಿಯೂ ಅತ್ತಲೇ ಹೊರಳಿತು. ವಾಟ್ಸ್ಆ್ಯಪ್ ಗುಂಪುಗಳು ಹಾಗೆಯೇ ಉಳಿದಿವೆ. ಈಗ ಅವುಗಳಲ್ಲಿ ಗುಡ್ ಮಾರ್ನಿಂಗ್ ಬರುತ್ತದೆ.

ಆದರೆ ನಾನು ಕಂಡಂತೆ ನಮ್ಮ ನಾಡಿನ ಅತ್ಯಂತ ಸುಸಂಘಟಿತ ಅಫಿಲಿಯೇಟ್ ಯೋಜನೆ ಸೀರೆಯದೂ ಅಲ್ಲ, ವಿಮೆಯದೂ ಅಲ್ಲ. ಅದು ಹೊರಬಿದ್ದದ್ದು 2017ರ ಕೊನೆಯಲ್ಲಿ, ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಕೆಲವು ರೋಗಪತ್ತೆ ಕೇಂದ್ರಗಳು ಮತ್ತು ಸಂತಾನಚಿಕಿತ್ಸಾ ಕೇಂದ್ರಗಳನ್ನು ಶೋಧಿಸಿದಾಗ. ಇಲಾಖೆ ಹೇಳಿದ ಪ್ರಕಾರ ಎಂಆರ್‌ಐಗೆ ಕಳಿಸಿದ ವೈದ್ಯರಿಗೆ ಶೇಕಡಾ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ಶೇಕಡಾ 20. ಲೆಕ್ಕದ ಪುಸ್ತಕದಲ್ಲಿ ಇದರ ಹೆಸರು ಮಾರುಕಟ್ಟೆ ವೆಚ್ಚ. ಕೆಲವರಿಗೆ ನಗದು, ಅದೂ ಹದಿನೈದು ದಿನಕ್ಕೊಮ್ಮೆ, ಲಕೋಟೆಯಲ್ಲಿ. ಕೆಲವರಿಗೆ ಮುಂಗಡ. ಇನ್ನು ಕೆಲವರನ್ನು ಕೇಂದ್ರದ ಆಂತರಿಕ ಸಲಹೆಗಾರರೆಂದು ಕಾಗದದ ಮೇಲೆ ನೇಮಿಸಿ, ಮೂಲದಲ್ಲೇ ತೆರಿಗೆ ಕಡಿದು, ಚೆಕ್ಕಿನಲ್ಲಿ ಶುಲ್ಕ ಕೊಡಲಾಗುತ್ತಿತ್ತು. ಅವರು ಆ ಕೇಂದ್ರಕ್ಕೆ ಬರುತ್ತಿರಲಿಲ್ಲ, ರೋಗಿಯನ್ನು ನೋಡುತ್ತಿರಲಿಲ್ಲ, ವರದಿ ಬರೆಯುತ್ತಿರಲಿಲ್ಲ.

ನೈತಿಕತೆಯ ಬಗ್ಗೆ ಮಾತಾಡುವವರು ಮಾತಾಡಲಿ; ವೈದ್ಯರ ವೃತ್ತಿ ಸಂಹಿತೆ ಇಂಥ ಕಮಿಷನ್ನನ್ನು 2002ರಲ್ಲೇ ಸ್ಪಷ್ಟವಾಗಿ ನಿಷೇಧಿಸಿದೆ, ಅದನ್ನು ನಾನೂ ಬಲ್ಲೆ. ನಾನು ಕೇವಲ ತಾಂತ್ರಿಕ ಮೌಲ್ಯಮಾಪನಕ್ಕೆ ಸೀಮಿತನಾಗುತ್ತೇನೆ. ಅಮೆಜಾನಿನಲ್ಲಿ ಅರವತ್ತು ದಿನ, ಇಲ್ಲಿ ಹದಿನೈದು. ಅಲ್ಲಿ ಶೇಕಡಾ 1, ಇಲ್ಲಿ 35. ಅಲ್ಲಿ ಗಿರಾಕಿ ಕೊಂಡಿಯನ್ನು ಒತ್ತಿ, ನಾಲ್ಕು ಕಡೆ ಬೆಲೆ ನೋಡಿ, ಹೆಂಡತಿಯನ್ನು ಕೇಳಿ, ಬುಟ್ಟಿಯಲ್ಲಿಟ್ಟು ಮರೆತುಬಿಡಬಹುದು. ಇಲ್ಲಿ ಅವನು ಮಂಚದ ಮೇಲೆ ಮಲಗಿರುತ್ತಾನೆ. ‘ಅಲ್ಲೇ ಮಾಡಿಸಿ, ಬೇರೆ ಕಡೆ ರಿಪೋರ್ಟ್ ಸರಿ ಬರೋಲ್ಲ’ ಎಂಬ ಒಂದು ಮಾತಿಗೆ ಸಮನಾದ ಬ್ಯಾನರ್ ಜಾಹೀರಾತನ್ನು ಯಾವ ಡಿಸೈನರನೂ ಈವರೆಗೆ ಮಾಡಿಲ್ಲ. ಚೀಟಿಯ ಮೇಲೆ ಡಾಕ್ಟರ ಹೆಸರಿರುವುದರಿಂದ ಯಾರು ಕರೆತಂದರೆಂಬ ತಕರಾರೂ ಇಲ್ಲ. ಗಿರಾಕಿ ಆ ಚೀಟಿಯನ್ನು ತಾನೇ ಮಡಿಸಿ, ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಹೋಗಿ ಕೊಡುತ್ತಾನೆ. ಇದರ ಮುಂದೆ, ಯಾರು ಕರೆತಂದರೆಂದು ಗುರುತಿಟ್ಟುಕೊಳ್ಳುವ ಬ್ರೌಸರಿನ ಕುಕಿ ಯಾವ ಲೆಕ್ಕ?

ಇಲ್ಲಿಂದ ನಾವು ಕಲಿಯುವ ಸಿದ್ಧಾಂತವನ್ನು ನನ್ನ ಶಿಬಿರದಲ್ಲಿ ಗೋಡೆಗೆ ಅಂಟಿಸಿರುತ್ತೇನೆ: ಪಾಲುದಾರನ ನಿಷ್ಠೆ ಇರುವುದು ಅವನು ಗಿರಾಕಿಗೆ ಹೇಳುವುದರಲ್ಲಿ ಅಲ್ಲ, ಹೇಳದೆ ಬಿಡುವುದರಲ್ಲಿ. ಹೊಗಳಿಕೆಯನ್ನು ಯಾರು ಬೇಕಾದರೂ ಮಾರುತ್ತಾರೆ, ಅದು ಅಗ್ಗ. ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ‘ಇದರಲ್ಲಿ ನನಗಿಷ್ಟು ಬರುತ್ತೆ’ ಎಂಬ ಒಂದು ವಾಕ್ಯದ ಗೈರುಹಾಜರಿಯನ್ನು.

ಸರ್ಕಾರ ಕೈಹಾಕಿರುವುದೂ ದುರದೃಷ್ಟವಶಾತ್ ಅಲ್ಲಿಗೇ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿ, ದುಡ್ಡೋ ಪದಾರ್ಥವೋ ಪಡೆದು ಶಿಫಾರಸು ಮಾಡುವವರು ಅದನ್ನು ಎದ್ದುಕಾಣುವಂತೆ, ಸರಳ ಭಾಷೆಯಲ್ಲಿ ಹೇಳಬೇಕು ಎಂದಿತು. ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ, ಮತ್ತೆ ಮಾಡಿದರೆ ಐವತ್ತು ಲಕ್ಷ ರೂಪಾಯಿವರೆಗೆ ದಂಡ. ನನ್ನ ಕಕ್ಷಿದಾರರು ಈ ಮಾರ್ಗಸೂಚಿಯನ್ನು ಅಕ್ಷರಶಃ ಪಾಲಿಸುತ್ತಾರೆ. ಹ್ಯಾಷ್‌ಟ್ಯಾಗುಗಳ ಸಾಲಿನಲ್ಲಿ ಅಮ್ಮ, ಮಳೆ, ಮಲೆನಾಡು, ಬದುಕು, ಕೃತಜ್ಞತೆ, ಫಿಲ್ಟರ್ ಕಾಫಿ ಎಲ್ಲ ಮುಗಿದ ಮೇಲೆ ‘ಜಾಹೀರಾತು’ ಎಂದೂ ಇರುತ್ತದೆ. ಹ್ಯಾಷ್‌ಟ್ಯಾಗುಗಳ ಗುಂಪಿನಲ್ಲಿ ಹುದುಗಿಸಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದಲ್ಲ ಎಂದು ಒಬ್ಬ ಶಿಬಿರಾರ್ಥಿ ಕೇಳಿದ. ಅವನನ್ನು ಮುಂದಿನ ಬ್ಯಾಚಿಗೆ ಕರೆಯಲಿಲ್ಲ. ಇಷ್ಟಕ್ಕೂ, ಆಟೋದ ಹಿಂಭಾಗದಲ್ಲಿ ‘ಈ ವಾಹನ ಎಂಪೋರಿಯಂಗಳಿಂದ ಪಾಲು ಪಡೆಯುತ್ತದೆ’ ಎಂದು ಬರೆಸುವ ಪ್ರಸ್ತಾಪ ಯಾರಿಂದಲೂ ಬಂದಿಲ್ಲ. ಅಲ್ಲಿ ಈಗಾಗಲೇ ತಾಯಿಯ ಆಶೀರ್ವಾದ ಇದೆ, ಜಾಗವಿಲ್ಲ.

ಸರ್ಕಾರದಿಂದ ಒಳ್ಳೆಯದೂ ಆಗಿದೆ ಎನ್ನಬೇಕು. ಕಮಿಷನ್ ಮೇಲೆ ಮೂಲದಲ್ಲೇ ಕಡಿಯುವ ತೆರಿಗೆಯನ್ನು 2024ರ ಅಕ್ಟೋಬರ್‌ನಿಂದ ಶೇಕಡಾ 5ರಿಂದ 2ಕ್ಕೆ ಇಳಿಸಿದ್ದಾರೆ. ಲಕೋಟೆಯಲ್ಲಿ ಪಡೆಯುವವರಿಗೆ ಈ ರಿಯಾಯಿತಿಯ ಲಾಭ ಸಿಗುತ್ತಿಲ್ಲ ಎಂಬುದು ನೋವಿನ ಸಂಗತಿ.

ಪಾಲುದಾರರು ಅತಿ ನಿಷ್ಠೆ ತೋರಿದರೆ ಏನಾಗುತ್ತದೆ ಎಂಬ ಎಚ್ಚರಿಕೆಯನ್ನೂ ಹೇಳದಿದ್ದರೆ ಪಾಠ ಅಪೂರ್ಣ. ಇಬೇ ಕಂಪನಿಗೆ ಶಾನ್ ಹೋಗನ್ ಎಂಬ ಪಾಲುದಾರನಿದ್ದ. ಅವನೇ ಮೊದಲ ಸ್ಥಾನದಲ್ಲಿದ್ದವನು. ಕೋಟಿಗಟ್ಟಲೆ ಡಾಲರ್ ಪಡೆದವನು. ಆಮೇಲೆ ತಿಳಿದುಬಂದದ್ದೇನೆಂದರೆ, ಯಾವುದೋ ಪುಟವನ್ನು ಸುಮ್ಮನೆ ನೋಡಿಹೋದವರ ಕಂಪ್ಯೂಟರಿಗೂ ಇಬೇಯ ಕುಕಿ ಸದ್ದಿಲ್ಲದೆ ಸೇರುತ್ತಿತ್ತು. ಅವರು ಮುಂದೆ ತಮ್ಮ ಪಾಡಿಗೆ ತಾವು ಇಬೇಗೆ ಹೋಗಿ ಏನನ್ನಾದರೂ ಕೊಂಡರೆ, ಕರೆತಂದವನು ಹೋಗನ್ ಎಂದು ದಾಖಲಾಗುತ್ತಿತ್ತು. ಎಫ್‌ಬಿಐ ಬಂತು, 2008ರಲ್ಲಿ ಕಂಪನಿ ಮೊಕದ್ದಮೆ ಹೂಡಿತು, ಅವನು ತಪ್ಪೊಪ್ಪಿಕೊಂಡ, 2014ರಲ್ಲಿ ಐದು ತಿಂಗಳ ಸೆರೆ ಮತ್ತು 25,000 ಡಾಲರ್ ದಂಡವಾಯಿತು. ಎರಡನೇ ಸ್ಥಾನದಲ್ಲಿದ್ದ ಬ್ರಯನ್ ಡನ್ನಿಂಗ್ ಎಂಬಾತನಿಗೆ ಹದಿನೈದು ತಿಂಗಳು. ಸಂದೇಹವಾದಿಗಳಿಗಾಗಿ ಕಾರ್ಯಕ್ರಮ ನಡೆಸಿ, ಜನ ಹೇಗೆಲ್ಲ ಮೋಸಹೋಗುತ್ತಾರೆಂದು ವಿವರಿಸುವುದು ಈತನ ಖ್ಯಾತಿ. ವಿಷಯದ ಮೇಲೆ ಹಿಡಿತವಿತ್ತು ಎಂಬುದನ್ನು ಒಪ್ಪಬೇಕು. ಪಾಲುದಾರರ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನದವರು ಜೈಲಿಗೆ ಹೋದ ಮೇಲೂ ಆ ಅಂಗಡಿ ನಡೆಯಿತು, ಜನ ಬರುತ್ತಲೇ ಇದ್ದರು. ಅವರು ಮೊದಲೂ ತಾವಾಗಿಯೇ ಬರುತ್ತಿದ್ದವರು. ಈ ಅಂಶವನ್ನು ನಾನು ಶಿಬಿರದಲ್ಲಿ ಒತ್ತಿ ಹೇಳುವುದಿಲ್ಲ.

ಕೊನೆಯಲ್ಲಿ, ಶಿಬಿರಾರ್ಥಿಗಳು ಕೇಳಿದ ಕೆಲವು ಪ್ರಶ್ನೆಗಳು.

ಬಳ್ಳಾರಿಯ ಉದ್ಯಮಿಯೊಬ್ಬರು, ಪಾಲುದಾರರೇ ಇನ್ನಷ್ಟು ಪಾಲುದಾರರನ್ನು ಸೇರಿಸಿ, ಸೇರುವವರು ಕಟ್ಟುವ ದುಡ್ಡಿನಲ್ಲಿ ಮೇಲಿನವರಿಗೆ ಪಾಲು ಕೊಟ್ಟರೆ ಹೇಗೆ, ಸರಕೇ ಬೇಕಾಗುವುದಿಲ್ಲವಲ್ಲ ಎಂದರು. ಇದು ನಮ್ಮ ಶಾಸ್ತ್ರದ ಅತ್ಯಂತ ಶುದ್ಧ ರೂಪ. ಆದರೆ 1978ರಲ್ಲೇ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಬಂತು, 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಕಟ್ಟುವುದನ್ನು ಹೆಸರಿಸಿಯೇ ತಡೆದಿವೆ. ಆದ್ದರಿಂದ ಹಾಗೆ ಮಾಡಬೇಡಿ. ಮಾಡಿದರೆ ಅದನ್ನು ಯೋಜನೆ ಎನ್ನಬೇಡಿ, ಕುಟುಂಬ ಎನ್ನಿ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಎಲ್ಲರಿಗೂ ಕೋಟು, ಟೈ ಹಾಕಿಸಿ ಕಲ್ಯಾಣಮಂಟಪದಲ್ಲಿ ಸೇರಿಸಿ. ಆ ಸೆಕೆಯಲ್ಲಿ ಬರುವ ಬೆವರು ಮತ್ತು ಕಣ್ಣೀರಿನ ವ್ಯತ್ಯಾಸ ಫೋಟೋದಲ್ಲಿ ತಿಳಿಯುವುದಿಲ್ಲ.

ತುಮಕೂರಿನ ಒಬ್ಬ ಯುವತಿ, ನಮ್ಮ ಸರಕು ಚೆನ್ನಾಗಿದ್ದು ಬೆಲೆ ಸರಿಯಾಗಿದ್ದರೆ ಪಾಲುದಾರರು ನಿಲ್ಲುವುದಿಲ್ಲವೆ ಎಂದು ಕೇಳಿದರು. ಸರಕಿನ ಗುಣಮಟ್ಟ ಪಠ್ಯಕ್ರಮದ ವ್ಯಾಪ್ತಿಯಲ್ಲಿ ಬರುವುದಿಲ್ಲ.

ದಾವಣಗೆರೆಯಿಂದ ಬಂದಿದ್ದ ಬೆಣ್ಣೆ ದೋಸೆ ಹೋಟೆಲಿನ ಯಜಮಾನರ ಸಮಸ್ಯೆ ಗಂಭೀರವಾದದ್ದು. ‘ನಮ್ಮಲ್ಲಿಗೆ ಜನ ತಾವೇ ಬರ್ತಾರೆ. ಯಾರೂ ಕರ್ಕೊಂಡು ಬರಲ್ಲ. ಕಮಿಷನ್ ಯಾರಿಗೆ ಕೊಡ್ಲಿ?’ ಬೆಣ್ಣೆಯ ವಾಸನೆಗೆ ಕಮಿಷನ್ ಕೊಡಲು ಬರುವುದಿಲ್ಲವಾದ್ದರಿಂದ ಇದನ್ನು ನಾವು ಸೋರಿಕೆ ಎಂದು ವರ್ಗೀಕರಿಸುತ್ತೇವೆ. ಇದಕ್ಕೂ ಆಧುನಿಕ ಮಾದರಿಯೊಂದಿದೆ. ಹನಿ ಎಂಬ ಬ್ರೌಸರ್ ಉಪಕರಣವನ್ನು ಪೇಪಾಲ್ ಕಂಪನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತು. 2020ರಲ್ಲಿ ಆ ವ್ಯವಹಾರ ಮುಗಿಯಿತು. ಗಿರಾಕಿ ಎಲ್ಲವನ್ನೂ ಆರಿಸಿ ದುಡ್ಡು ಕಟ್ಟುವ ಹೊತ್ತಿಗೆ ಅದು ಮುಂದೆ ಬಂದು ಕೂಪನ್ ಹುಡುಕಿಕೊಡಲೇ ಎಂದು ಕೇಳುತ್ತದೆ. ಹಾಗೆ ಕೇಳುವ ನೆಪದಲ್ಲಿ, ನಿಜವಾಗಿ ಕರೆತಂದವರ ಗುರುತನ್ನು ಅಳಿಸಿ ತನ್ನದನ್ನು ಬರೆಯುತ್ತದೆ ಎಂದು 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬಿನಲ್ಲಿ ಆರೋಪ ಬಂದು, ಪ್ರಕರಣ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. ತಾವು ಲಾಸ್ಟ್ ಕ್ಲಿಕ್ ಸೇರಿದಂತೆ ಉದ್ಯಮದ ನಿಯಮವನ್ನೇ ಪಾಲಿಸುತ್ತಿದ್ದೇವೆ ಎಂಬುದು ಕಂಪನಿಯ ಉತ್ತರ, ಆ ಉತ್ತರದಲ್ಲಿ ನನಗೆ ಯಾವ ದೋಷವೂ ಕಾಣಿಸಲಿಲ್ಲ.

ಆದ್ದರಿಂದ ಯಜಮಾನರೇ, ಹೋಟೆಲಿನ ಬಾಗಿಲಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಒಳಗೆ ಬರುತ್ತಿರುವವರಿಗೆ ಅವನು ‘ಒಳಗೆ ಬನ್ನಿ’ ಎನ್ನಲಿ. ಬಂದವರೆಲ್ಲ ಅವನ ಲೆಕ್ಕಕ್ಕೆ. ದೋಸೆಯ ಬೆಲೆಯನ್ನು ಅಷ್ಟರಮಟ್ಟಿಗೆ ಏರಿಸಿ. ಅವನಿಗೆ ಕುರ್ಚಿ ಮಾತ್ರ ಕೊಡಬೇಡಿ. ಕೂತರೆ ನೌಕರ ಎಂದಾಗಿ ಪಿಎಫ್ ಕಟ್ಟಬೇಕಾಗುತ್ತದೆ.